ಹೊಳೆಯಾಚೆಯ ಮರಳುಗಲ್ಲು

ಡ್ರಾಫ್ಟ್ಸ್‌ಮನ್ ಕೋರ್ಸು ಮುಗಿಸಿ ಎರಡು ವರ್ಷ ಮನೆಯಲ್ಲೇ ಕೂತಿದ್ದ ನನಗೆ ಕೊನೆಗೆ ಸಿಕ್ಕಿದ್ದು ಕಲ್ಲುಗಳ ನಕ್ಷೆ ಬರೆಯುವ ಕೆಲಸ. ತೊಂಬತ್ತರ ದಶಕದ ಮಧ್ಯಭಾಗ. ಸರ್ಕಾರಿ ಭೂವಿಜ್ಞಾನ ಇಲಾಖೆಯ ಆ ಕಚೇರಿ ಇದ್ದದ್ದು ಜಯನಗರದ ಒಂದು ಅಡ್ಡರಸ್ತೆಯಲ್ಲಿ, ಯಾರೋ ವಾಸಕ್ಕೆಂದು ಕಟ್ಟಿಸಿ ಆಮೇಲೆ ಬಾಡಿಗೆಗೆ ಕೊಟ್ಟಿದ್ದ ಎರಡಂತಸ್ತಿನ ಮನೆಯಲ್ಲಿ. ಮಲಗುವ ಕೋಣೆಯಲ್ಲಿ ನನ್ನ ಮೇಜು. ಮಸಿ ಪೆನ್ನುಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯುತ್ತಿದ್ದೆ. ಕೆಲಸ ಕಾಯಂ ಅಲ್ಲ. ಇನ್ನೊಂದು ವರ್ಷ ಮುಂದುವರಿಸಲಾಗಿದೆ ಎಂದು ಪ್ರತಿ ಏಪ್ರಿಲ್‌ನಲ್ಲಿ ಒಂದು ಕಾಗದ ಬರುತ್ತಿತ್ತು. “ಈ ಶೀಟ್ ಪ್ರಿಂಟಾಗ್ಲಿ, ಆಮೇಲೆ ನಿಮ್ದು ನೋಡೋಣ” ಎಂದು ಆಡಳಿತ ವಿಭಾಗದವರು ಮೊದಲ ದಿನವೇ ಹೇಳಿದ್ದರು. ಶೀಟು ಅಂದರೆ ನನ್ನ ಮೇಜಿನ ಮೇಲೆ ಪಿನ್ನು ಚುಚ್ಚಿ ಹರಡಿದ್ದ ಆ ನಕ್ಷೆ.

ಅದು ಉತ್ತರ ಕರ್ನಾಟಕದ ಒಂದು ಹೊಳೆಯ ಎರಡೂ ದಡಗಳ ನಕ್ಷೆ. ಹದಿನೈದು ವರ್ಷ ಆ ಕಡೆ ಅಲೆದು ಅದನ್ನು ಪೆನ್ಸಿಲಿನಲ್ಲಿ ತಯಾರಿಸಿದ್ದವರು ನಮ್ಮ ಹಿರಿಯ ಭೂವಿಜ್ಞಾನಿ. ನಾನು ಅವರನ್ನು ಸಾರ್ ಎನ್ನುತ್ತಿದ್ದೆ, ಇಲ್ಲಿಯೂ ಹಾಗೇ ಎನ್ನುತ್ತೇನೆ. ಐವತ್ತು ದಾಟಿದ್ದರು. ಬನಶಂಕರಿ ಎರಡನೇ ಹಂತದಲ್ಲಿ ಮನೆ. ಬಸ್ಸಿನಲ್ಲಿ ಬಂದು, ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರು, ಅದು ಕಚೇರಿ ಎಂಬುದನ್ನು ಮರೆತವರ ಹಾಗೆ.

ನಾನು ಸೇರಿದ ವಾರ ಅವರು ನನ್ನ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

“ನೋಡಮ್ಮ, ಏನು ಬರೀತಿದೀನಿ ಅಂತ ಗೊತ್ತಿಲ್ದೆ ಬರೀಬಾರ್ದು. ಹೊಳೆ ಈಚೆ ಒಂದು ಬೆಟ್ಟದ ಸಾಲು, ಆಚೆ ಒಂದು ಸಾಲು. ಎರಡೂ ಮರಳುಗಲ್ಲು. ಯಾವುದೋ ಕಾಲದಲ್ಲಿ ನೀರಿನಡಿ ಕೂತ ಮರಳು, ಒತ್ತಿ ಒತ್ತಿ ಕಲ್ಲಾಗಿದೆ. ಬಣ್ಣ ಒಂದೇ. ಕೈಯಲ್ಲಿ ಹಿಡಿದ್ರೂ ಒಂದೇ ಥರ. ಹಳೇ ನಕ್ಷೇಲಿ ಎರಡಕ್ಕೂ ಒಂದೇ ಹೆಸರು ಕೊಟ್ಟಿದಾರೆ. ಆದ್ರೆ ಎರಡೂ ಒಂದೇ ಅಲ್ಲ.”

“ಹೇಗೆ ಗೊತ್ತಾಯ್ತು ಸಾರ್?”

ಅವರು ನನ್ನ ಮೇಜಿನ ಮೇಲಿದ್ದ ಮೂರು ರಿಜಿಸ್ಟರುಗಳನ್ನು ಒಂದಕ್ಕೊಂದು ಒರಗಿಸಿ ವಾಲಿಸಿಟ್ಟರು. ಅವುಗಳ ಮೇಲೆ ಇನ್ನೊಂದನ್ನು ಮಟ್ಟಸವಾಗಿ ಮಲಗಿಸಿದರು.

“ಕೆಳಗಿನವು ಈಚೆ ದಡದ ಪದರಗಳು. ಅವು ವಾಲಿ, ಗಾಳಿ ಮಳೆಗೆ ಸವೆದು, ಮೇಲೆ ಗುಂಡುಕಲ್ಲಿನ ಒಂದು ಪದರ ಬಿದ್ದು, ಅದರ ಮೇಲೆ ಆಚೆ ದಡದ ಮರಳುಗಲ್ಲು ಕೂತಿದೆ. ನಡುವೆ ಎಷ್ಟು ಕಾಲ ಹೋಗಿರ್ಬೇಕು ಯೋಚ್ನೆ ಮಾಡು. ಅಜ್ಜನಿಗೂ ಮೊಮ್ಮಗನಿಗೂ ಒಂದೇ ಹೆಸರು ಇದ್ರೆ ಇಬ್ರೂ ಒಬ್ರೇ ಆಗ್ತಾರಾ?”

ಆದರೆ ಹೀಗೆ ಒಂದರ ಮೇಲೊಂದು ಕೂತಿರುವುದು ಕಾಣುತ್ತಿದ್ದದ್ದು ಒಂದೇ ಜಾಗದಲ್ಲಿ. ಹೊಳೆಯ ಆಚೆ ದಡದಲ್ಲಿ ಒಂದು ಸಣ್ಣ ಊರಿತ್ತು. ಊರಿನ ಕೆಳಗೆ ನೀರು ಕೊರೆದ ದಂಡೆಯಲ್ಲಿ, ನಲವತ್ತು ಹೆಜ್ಜೆ ಉದ್ದಕ್ಕೆ, ಎರಡೂ ಕಲ್ಲು, ನಡುವಿನ ಗುಂಡುಕಲ್ಲಿನ ಪದರ, ಎಲ್ಲ ತೆರೆದುಕೊಂಡಿತ್ತಂತೆ. ಬೇರೆಲ್ಲ ಕಡೆ ಮೇಲೆ ಎರೆಮಣ್ಣು. ಹೊಸದಾಗಿ ಗುರುತಿಸಿದ ಕಲ್ಲಿಗೆ ಅದು ಚೆನ್ನಾಗಿ ಕಾಣುವ ಊರಿನ ಹೆಸರನ್ನೇ ಇಡುವುದು ರೂಢಿ. ಸಾರ್ ಹಾಗೆಯೇ ಮಾಡಿದ್ದರು. ನಕ್ಷೆಯ ಬಲಬದಿಯ ಪಟ್ಟಿಯಲ್ಲಿ, ಕೆಳಗೆ ಹಳೆಯ ಕಲ್ಲು ಮೇಲೆ ಹೊಸ ಕಲ್ಲು ಎಂಬ ಕ್ರಮದಲ್ಲಿ ಬರೆದ ಚೌಕಗಳಲ್ಲಿ, ಒಂದರ ಮುಂದೆ ಪೆನ್ಸಿಲಿನಲ್ಲಿ ಆ ಊರಿನ ಹೆಸರಿತ್ತು. ನಾನು ಅದಕ್ಕೆ ಮಸಿ ಹಾಕಿದೆ.

ಮರಳುಗಲ್ಲನ್ನು ನಕ್ಷೆಯಲ್ಲಿ ಚುಕ್ಕಿಗಳಿಂದ ತೋರಿಸುತ್ತಾರೆ. ಆಚೆ ದಡದ ಬೆಟ್ಟವಿಡೀ ನಾನು ಚುಕ್ಕಿ ಇಟ್ಟೆ. ಪೆನ್ನು ನೇರವಾಗಿ ಹಿಡಿಯಬೇಕು, ಒತ್ತಬಾರದು, ಚುಕ್ಕಿಗೆ ಚುಕ್ಕಿ ತಾಗಬಾರದು. ಮಧ್ಯಾಹ್ನದ ಹೊತ್ತಿಗೆ ಕತ್ತು ಹಿಡಿದುಕೊಳ್ಳುತ್ತಿತ್ತು. ಎರಡು ತಿಂಗಳಿಗೆ ಬೆಟ್ಟ ತುಂಬಿತು. ಸಾರ್ ಭೂತಗನ್ನಡಿ ಹಿಡಿದು ನೋಡಿ, “ಸಖತ್ತಾಗಿದೆ” ಅಂದರು. ಆ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಅದೊಂದೇ ಸಲ.

ಮೊದಲ ಪರಿಶೀಲನಾ ಸಭೆ ಪಕ್ಕದ ಹಾಲಿನಲ್ಲಿ ನಡೆಯಿತು. ಹೊರಗಿನಿಂದ ಸಮಿತಿಯವರು ಬಂದಿದ್ದರು. ನನ್ನ ಕೋಣೆಗೆ ಎಲ್ಲ ಕೇಳಿಸುತ್ತಿತ್ತು. ಆಗ ನಮ್ಮಲ್ಲಿ ಹೊಸದಾಗಿ ಸೇರಿದ್ದ ಒಬ್ಬ ಕಿರಿಯ ಅಧಿಕಾರಿ ಇದ್ದರು. ಉತ್ತರ ಕರ್ನಾಟಕದವರು, ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದರು. ಮಾತು ಕಡಿಮೆ. ಸಾರ್ ಫೋಟೋಗಳನ್ನು ತೋರಿಸಿ ಮುಗಿಸಿದ ಮೇಲೆ ಈ ಕಿರಿಯರ ದನಿ ಕೇಳಿಸಿತು.

“ಸರ್, ತಪ್ಪ ತಿಳೀಬ್ಯಾಡ್ರಿ. ಆ ದಂಡಿ ಕಲ್ಲು ಮ್ಯಾಲಿಂದ ಜಾರಿ ಬಂದು ಕುಂತದ್ದೂ ಇರಬಹುದಲ್ರೀ. ನಲವತ್ತು ಹೆಜ್ಜಿ ಜಾಗಾ ನೋಡಿ ಇಡೀ ಗುಡ್ಡಕ್ಕ ಹೊಸಾ ಹೆಸರು ಹೆಂಗ ಇಡೂದ್ರೀ?”

“ನೀವು ಬಂದು ನೋಡಿ. ಜಾರಿದ ಕಲ್ಲಲ್ಲ ಅದು” ಎಂದರು ಸಾರ್.

“ನೋಡೂಣ್ರಿ. ನೋಡೂತನಾ ಹೆಸರು ಬ್ಯಾಡ ಅಂತೀನಿ, ಅಷ್ಟ.”

ಸಮಿತಿ ಅದಕ್ಕೇ ಒಪ್ಪಿತು. ಜಾಗ ನೋಡುವವರೆಗೆ ಹೆಸರು ತೆಗೆಯಬೇಕು. ನಾನು ಅರ್ಧ ಬ್ಲೇಡು ತೆಗೆದುಕೊಂಡು ಮಸಿಯನ್ನು ಕೆರೆದೆ. ಟ್ರೇಸಿಂಗ್ ಹಾಳೆಯಲ್ಲಿ ತಪ್ಪು ತಿದ್ದುವುದು ಹಾಗೆಯೇ: ಮೆಲ್ಲಗೆ ಕೆರೆದು, ರಬ್ಬರಿನಿಂದ ಉಜ್ಜಿ, ಉಗುರಿನ ಬೆನ್ನಿನಿಂದ ನುಣುಪು ಮಾಡಿ ಮತ್ತೆ ಬರೆಯುವುದು. ಆರು ತಿಂಗಳ ಮೇಲೆ ಸಾರ್ ಕೇಂದ್ರ ಕಚೇರಿಗೆ ಬರೆದು, ಹೆಸರಿನ ಮುಂದೆ ಪ್ರಶ್ನೆಚಿಹ್ನೆ ಹಾಕಿ ಉಳಿಸಿಕೊಳ್ಳಲು ಅನುಮತಿ ತಂದರು. ಬರೆದೆ. ಮರುವರ್ಷ ಇನ್ನೊಬ್ಬ ತಜ್ಞರು ಪ್ರಶ್ನೆಚಿಹ್ನೆ ಹಾಕಿದ ಹೆಸರು ಹೆಸರೇ ಅಲ್ಲ ಎಂದರು. ಕೆರೆದೆ. ಉದ್ಧರಣ ಚಿಹ್ನೆಗಳ ಒಳಗೆ ಹಾಕಿ ಎಂದು ಆದೇಶ ಬಂತು. ಬರೆದೆ. ಅಷ್ಟರಲ್ಲಿ ಯಾರೋ, ಅದೇ ಹೆಸರನ್ನು ಬೇರೊಂದು ಜಿಲ್ಲೆಯ ಸುಣ್ಣಕಲ್ಲಿಗೆ ಹಿಂದೆಯೇ ಬಳಸಿದ್ದಾರೆ, ಆ ಹೆಸರಿನ ಊರು ಅಲ್ಲಿಯೂ ಒಂದಿದೆ ಎಂದು ಪತ್ತೆ ಮಾಡಿದರು. ಮತ್ತೆ ಕೆರೆದೆ. ಜಿಲ್ಲೆಯ ಹೆಸರನ್ನೂ ಜೊತೆಗೆ ಸೇರಿಸಿ ಎಂದರು, ಮತ್ತೆ ಬರೆದೆ. ಪ್ರತಿ ಸಲವೂ ಸಾರ್ ಬಂದು ನನ್ನ ಹಿಂದೆ ನಿಂತು ನೋಡುತ್ತಿದ್ದರು. “ಮೆಲ್ಲಗೆ ಕೆರಿಯಮ್ಮ, ಹಾಳೆ ತೂತಾಗುತ್ತೆ” ಎನ್ನುತ್ತಿದ್ದರು.

ಅವರ ಮನೆಗೆ ನಾನು ಗೌರಿಹಬ್ಬಕ್ಕೆ ಹೋಗುತ್ತಿದ್ದೆ. ನಮ್ಮ ಮನೆ ಆಗ ಜೆ.ಪಿ. ನಗರದ ಹಿಂಭಾಗದಲ್ಲಿ, ಅಮ್ಮ ಮತ್ತು ನಾನು ಇಬ್ಬರೇ. ಸಾರ್ ಅವರ ಹೆಂಡತಿಯನ್ನು ಆಂಟಿ ಎನ್ನುತ್ತಿದ್ದೆ. ಅವರು ಕುಂಕುಮ ಕೊಡುತ್ತ ಕೇಳಿದರು, “ಏನಾಯ್ತು, ಇವ್ರ ಕಲ್ಲಿಗೆ ನಾಮಕರಣ ಆಯ್ತಾ?”

“ಇನ್ನೂ ಇಲ್ಲ ಆಂಟಿ.”

“ನಮ್ಮ ಮಗಳಿಗೆ ಹನ್ನೊಂದು ದಿನಕ್ಕೆ ಹೆಸರಿಟ್ವಿ. ಅವಳಿಗೇ ಮದ್ವೆ ಆಗೋಯ್ತು, ಇದಕ್ಕೆ ಹೆಸರಿಲ್ಲ.”

ಎಲ್ಲರೂ ನಕ್ಕೆವು. ಸಾರ್ ಕೂಡ ನಕ್ಕರು. ಆಗ ಇನ್ನೂ ನಗಬಹುದಿತ್ತು.

ಸಮಿತಿ ಜಾಗ ನೋಡಲು ಹೋಗಬೇಕಿದ್ದ ದಿನ ನಿಗದಿಯಾಗಿತ್ತು. ಜೀಪನ್ನು ಚುನಾವಣೆಯ ಕೆಲಸಕ್ಕೆ ತೆಗೆದುಕೊಂಡರು. ಎರಡನೇ ಸಲ ಸಮಿತಿಯ ಹಿರಿಯರಿಗೆ ಮಂಡಿ ನೋವು. ಮೂರನೇ ಸಲ ಮಳೆ ಬಂದು ಹೊಳೆ ತುಂಬಿತ್ತು. ಎರೆಮಣ್ಣಿನ ಕೆಳಗೆ ಎರಡು ಕಡೆ ಬೋರ್ ಕೊರೆದರೆ ಸಂಶಯ ತೀರುತ್ತದೆ ಎಂದು ಸಾರ್ ಬರೆದ ಅರ್ಜಿಗೆ, ಪರಿಶೀಲನೆಯಲ್ಲಿದೆ ಎಂಬ ಉತ್ತರ ನಾಲ್ಕು ವರ್ಷವೂ ಬಂತು. ಅವರಿಗಿದ್ದ ಆತುರ ಬೇರೆ ಯಾರಿಗೂ ಇರಲಿಲ್ಲ. ಕೆಳಗೆ ಎಲ್ಲೋ ಕಟ್ಟುತ್ತಿದ್ದ ಅಣೆಕಟ್ಟಿನ ಹಿನ್ನೀರು ಆ ಊರಿನವರೆಗೂ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಇಂಥ ಕೆಲಸಗಳು ಬೇಗ ಮುಗಿಯುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು. ಅದೊಂದು ಕೆಲಸ ಮುಗಿಯಿತು.

ಒಂದು ಬೆಳಿಗ್ಗೆ ಸಾರ್ ಹೆಸರಿಗೆ ಅಂಚೆ ಕಾರ್ಡು ಬಂತು. ಆ ಊರಿನ ಶಾಲೆಯ ಮೇಷ್ಟರು ಬರೆದದ್ದು. ಸಾರ್ ಅದನ್ನು ನಿಂತುಕೊಂಡೇ ಜೋರಾಗಿ ಓದಿದರು: “ನೀರು ಹನುಮಂತದೇವರ ಗುಡಿಯ ಮೆಟ್ಟಿಲಿಗೆ ಬಂದಿದೆ. ಅರ್ಧ ಊರು ಹೊಸ ಜಾಗಕ್ಕೆ ಹೋಗಿದೆ. ತಾವು ಬರುವುದಿದ್ದರೆ ಬೇಗ ಬರಬೇಕು.” ಓದಿ ಮುಗಿಸಿ ಎಲ್ಲರ ಮುಖ ನೋಡಿದರು. ಅಧಿಕೃತವಾಗಿ ಹೋಗಲು ಅನುಮತಿ ಬರುವುದು ತಡವಾಗುತ್ತಿತ್ತು, ಆದ್ದರಿಂದ ರಜೆ ಹಾಕಿ ರೈಲಿನಲ್ಲಿ ಒಬ್ಬರೇ ಹೋದರು.

ನಾಲ್ಕನೇ ದಿನ ಬಂದಾಗ ಮುಖ ಬಿಸಿಲಿಗೆ ಕಪ್ಪಾಗಿತ್ತು. ನೇರ ನನ್ನ ಕೋಣೆಗೆ ಬಂದರು.

“ಮೇಲಿನ ಕಲ್ಲು ಎರಡಾಳು ಎತ್ತರ ಕಾಣ್ತಿದೆ. ಗುಂಡುಕಲ್ಲಿನ ಪದರ ನೀರೊಳಗೆ ಹೋಗಿದೆ. ಹರಿಗೋಲಿನಲ್ಲಿ ಕರ್ಕೊಂಡು ಹೋದ್ರು. ನಾನು ಬಗ್ಗಿ ನೀರೊಳಗೆ ಕೈ ಹಾಕ್ದೆ. ಮೊಣಕೈ ತನಕ ಹಾಕ್ದೆ. ಸಿಕ್ತು ಕಣಮ್ಮ, ಗುಂಡುಕಲ್ಲು ಕೈಗೆ ಸಿಕ್ತು. ಒಂದೊಂದೇ ಎಣಿಸ್ಬೋದಿತ್ತು, ಹಾಗೆ.” ಅವರು ತಮ್ಮ ಬಲಗೈಯನ್ನು ನೋಡಿಕೊಂಡರು. “ಆದ್ರೆ ಕೈಗೆ ಸಿಕ್ಕಿದ್ದನ್ನ ವರದೀಲಿ ಹೇಗೆ ಬರೀಲಿ?”

ಕಾಫಿ ತರಲೇ ಎಂದು ಕೇಳಿದೆ. ಬೇಡ ಎಂದರು.

ಮುಂದಿನ ಸಭೆಯಲ್ಲಿ ಅವರು ಹರಿಗೋಲಿನಿಂದ ತೆಗೆದ ಫೋಟೋಗಳನ್ನು ತೋರಿಸಿದರು. ನೀರು, ಮೇಲೆ ಮಟ್ಟಸವಾದ ಕಲ್ಲು, ಅಷ್ಟೇ. ಸಮಿತಿಯ ಒಬ್ಬರು ಬೇಸರದಿಂದಲೇ ಕೇಳಿದರು, “ಈಗ ಆ ಹೆಸರಿನ ಊರೇ ಇಲ್ವಲ್ಲ ಸಾರ್?” ಊರಿತ್ತು, ಹನ್ನೆರಡು ಕಿಲೋಮೀಟರ್ ದೂರದ ಎರೆಭೂಮಿಯಲ್ಲಿ ಸಾಲು ಮನೆಗಳ ಹೊಸ ಕಾಲನಿಗೆ ಅದೇ ಹೆಸರಿನ ಫಲಕ ಹಾಕಿದ್ದರು. ಆದರೆ ಅದರ ಅಡಿಯಲ್ಲಿದ್ದದ್ದು ಸುಣ್ಣಕಲ್ಲು. ಮರಳುಗಲ್ಲಿಗೆ ಆ ಹೆಸರಿಟ್ಟರೆ ನಾಳೆ ಹುಡುಕಿಕೊಂಡು ಹೋದವರು ದಾರಿ ತಪ್ಪುತ್ತಾರೆ ಎಂದರು ಸಮಿತಿಯವರು. ಆ ಮಾತಿನಲ್ಲಿ ತಪ್ಪಿರಲಿಲ್ಲ. ಸಾರ್ ಕೂಡ ತಪ್ಪು ಎನ್ನಲಿಲ್ಲ. ಫೋಟೋಗಳನ್ನು ಒಂದರ ಮೇಲೊಂದು ಜೋಡಿಸಿ ಲಕೋಟೆಗೆ ಹಾಕಿಕೊಂಡರು.

ಅವರ ನಿವೃತ್ತಿಗೆ ಹತ್ತು ದಿನವಿರುವಾಗ ನನಗೆ ಬರಹದಲ್ಲಿ ಸೂಚನೆ ಬಂತು: ಹೆಸರು ತೆಗೆದು, ‘ಹೆಸರಿಸದ ಮರಳುಗಲ್ಲು, ಸಂಬಂಧ ಅನಿಶ್ಚಿತ’ ಎಂದು ಬರೆಯುವುದು. ಆ ವಾರ ಸಾರ್ ರಜೆಯಲ್ಲಿದ್ದರು. ನಾನು ಬ್ಲೇಡು ಹಿಡಿದೆ. ಎಷ್ಟೋ ಸಲ ಕೆರೆದ ಜಾಗ, ಹಾಳೆ ತೆಳುವಾಗಿತ್ತು. ಎರಡನೇ ಅಕ್ಷರದ ಹತ್ತಿರ ಬ್ಲೇಡು ಒಳಗೆ ಹೋಗಿ ಹಾಳೆ ಹರಿಯಿತು. ಹಿಂದಿನಿಂದ ಒಂದು ತುಂಡು ಅಂಟಿಸಿ, ಅದರ ಮೇಲೆ ಹೊಸ ಸಾಲು ಬರೆದೆ. ಒಂದಕ್ಷರವೂ ಓರೆಯಾಗಲಿಲ್ಲ. ಅದನ್ನು ನೆನೆದರೆ ಈಗ ಆಶ್ಚರ್ಯವಾಗುತ್ತದೆ.

ನಿವೃತ್ತಿಯ ದಿನ ಹಾರ, ಶಾಲು, ಜಯನಗರ ನಾಲ್ಕನೇ ಬ್ಲಾಕಿನಿಂದ ತರಿಸಿದ ಖಾರ, ಜಹಾಂಗೀರು. ಭಾಷಣಗಳಾದವು. ಕಲ್ಲಿನ ವಿಷಯವನ್ನು ಯಾರೂ ಎತ್ತಲಿಲ್ಲ. ಹೊರಡುವ ಮುಂಚೆ ಸಾರ್ ನನ್ನ ಕೋಣೆಯ ಬಾಗಿಲಿಗೆ ಬಂದರು, ಒಳಗೆ ಬರಲಿಲ್ಲ. ಹಾರ ಇನ್ನೂ ಕೊರಳಲ್ಲೇ ಇತ್ತು.

“ಹೆಸರು ಇದೆಯೇನಮ್ಮ ಇನ್ನೂ?”

“ಇದೆ ಸಾರ್” ಎಂದೆ.

“ಸದ್ಯ” ಎಂದರು. ಚಪ್ಪಲಿ ಹಾಕಿಕೊಂಡು ಹೋದರು.

ಯಾಕೆ ಹಾಗೆ ಹೇಳಿದೆ ಎಂದು ಮನೆಗೆ ಹೋಗುವ ಬಸ್ಸಿನಲ್ಲೇ ಯೋಚಿಸಿದೆ. ಅವರಿಗೆ ನೋವಾಗಬಾರದೆಂದು ಎಂದರೆ ಅದು ಅರ್ಧ ಮಾತು. ಕೆರೆದದ್ದು ನಾನೇ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಅಲ್ಲದೆ ಶೀಟು ಅಚ್ಚಾದರೆ ನನ್ನ ಕೆಲಸ ಕಾಯಂ ಆಗುತ್ತದೆ ಎಂದು ನಾನಿನ್ನೂ ನಂಬಿದ್ದೆ. ಹೆಸರು ಹೋದರೆ ಶೀಟು ಬೇಗ ಹೊರಡುತ್ತದೆ ಎಂಬ ಆಸೆಯೂ ಒಳಗೆ ಇತ್ತು. ಇದನ್ನು ನಾನು ಅಮ್ಮನಿಗೂ ಹೇಳಿರಲಿಲ್ಲ.

ಶೀಟು ಅಚ್ಚಾಗಲು ಮತ್ತೆ ಮೂರು ವರ್ಷ ಬೇಕಾಯಿತು. ಅಷ್ಟರಲ್ಲಿ ಕಂಪ್ಯೂಟರು ಬಂದಿತ್ತು. ನಾನು ಬರೆದದ್ದನ್ನು ಪಕ್ಕದಲ್ಲಿಟ್ಟುಕೊಂಡು ಹೊರಗಿನವರು ಯಾರೋ ಎಲ್ಲವನ್ನೂ ಮತ್ತೆ ಹೊಸದಾಗಿ ಮಾಡಿದರು. ಅಚ್ಚಾದ ಪ್ರತಿಗಳ ಕಟ್ಟು ಬಂದ ವಾರ ಸಾರ್ ಕಚೇರಿಗೆ ಬಂದರು. ಯಾರು ತಿಳಿಸಿದರೋ ಗೊತ್ತಿಲ್ಲ. ಸೊರಗಿದ್ದರು, ಕೈಯಲ್ಲಿ ಕೋಲಿತ್ತು. ನನ್ನ ಮೇಜಿನ ಮೇಲೆ ನಕ್ಷೆ ಹರಡಿದೆ. ಅವರು ಕನ್ನಡಕ ಬದಲಿಸಿಕೊಂಡು ಬಲಬದಿಯ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿದರು. ಒಂದು ಕಡೆ ಬೆರಳು ನಿಂತಿತು. ಮತ್ತೊಮ್ಮೆ ಓದಿದರು. ಕೇಳಲಿ, ಬೈಯಲಿ ಎಂದು ಕಾದೆ.

ಅವರು ಬೆರಳನ್ನು ಆಚೆ ದಡದ ಬೆಟ್ಟದ ಮೇಲೆ ತಂದರು.

“ಚುಕ್ಕಿ ಚೆನ್ನಾಗಿ ಬಂದಿದೆ ಕಣಮ್ಮ” ಎಂದರು.

“ಅದು ಕಂಪ್ಯೂಟರ್ ಚುಕ್ಕಿ ಸಾರ್. ನಂದಲ್ಲ.”

“ಹೌದಾ” ಎಂದರು. ಒಂದು ಪ್ರತಿ ತೆಗೆದುಕೊಂಡು ಹೋಗಿ ಎಂದೆ. ಬೇಡ, ಮನೆಯಲ್ಲಿ ಎಲ್ಲಿ ಇಡೋದು ಎಂದರು. ನಾನು ಸುಳ್ಳು ಹೇಳಿದ್ದರ ಬಗ್ಗೆ ಅವರು ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಬಸ್‌ಸ್ಟಾಪಿನವರೆಗೂ ಜೊತೆಗೆ ನಡೆದೆ. ದಾರಿಯಲ್ಲಿ ಅಮ್ಮನ ಸಕ್ಕರೆ ಕಾಯಿಲೆ ವಿಚಾರಿಸಿದರು.

ಮುಂದಿನ ಏಪ್ರಿಲ್‌ನಲ್ಲಿ ನನಗೆ ಕಾಗದ ಬರಲಿಲ್ಲ. ಕೈಯಲ್ಲಿ ಬರೆಯುವವರು ಇನ್ನು ಬೇಕಾಗಿಲ್ಲ ಎಂದು ಆಡಳಿತ ವಿಭಾಗದವರು ಬಾಯಲ್ಲಿ ಹೇಳಿದರು. ಬಸವನಗುಡಿಯ ಕಡೆ ಒಬ್ಬ ಕಟ್ಟಡದ ಕಂಟ್ರಾಕ್ಟರ್ ಹತ್ತಿರ ಮನೆ ಪ್ಲಾನು ತಿದ್ದುವ ಕೆಲಸಕ್ಕೆ ಸೇರಿಕೊಂಡೆ.

ಸಾರ್ ತೀರಿಹೋದ ಸುದ್ದಿ ನನಗೆ ತಿಳಿದದ್ದು ಎರಡು ತಿಂಗಳು ತಡವಾಗಿ. ಹೋಗಿ ಆಂಟಿಯನ್ನು ಮಾತಾಡಿಸಿ ಬಂದೆ. ಅದಾದ ಮರುವರ್ಷ ಆಂಟಿ ಫೋನು ಮಾಡಿದರು. ಬನಶಂಕರಿಯ ಮನೆಯನ್ನು ಬಿಲ್ಡರಿಗೆ ಕೊಟ್ಟಾಗಿತ್ತು, ಒಡೆದು ಫ್ಲಾಟು ಕಟ್ಟುತ್ತಾರಂತೆ. ತಾವು ಮೈಸೂರಿಗೆ ಮಗಳ ಮನೆಗೆ ಹೊರಟಿದ್ದರು.

“ಹಿತ್ತಲಲ್ಲಿ ನಾಲ್ಕು ಗೋಣಿಚೀಲ ಕಲ್ಲಿದೆ ಕಣೆ. ಎಸೀಬೇಡ, ಯಾರಾದ್ರೂ ಬೇಕು ಅಂತ ಬರ್ತಾರೆ ಅಂತಿದ್ರು. ಯಾವುದು ಏನು ಅಂತ ನಿನಗಲ್ವಾ ಗೊತ್ತಿರೋದು.”

ನನಗೆ ಗೊತ್ತಿರಲಿಲ್ಲ. ಪ್ರತಿ ಕಲ್ಲಿನ ಮೇಲೂ ಬಿಳಿ ಬಣ್ಣದ ಸಣ್ಣ ಚೌಕ, ಅದರಲ್ಲಿ ಒಂದು ಸಂಖ್ಯೆ. ಆ ಸಂಖ್ಯೆ ಎಲ್ಲಿಯ ಕಲ್ಲು, ಯಾವ ಪದರದ್ದು ಎಂಬುದು ಸಾರ್ ಅವರ ಟಿಪ್ಪಣಿ ಪುಸ್ತಕಗಳಲ್ಲಿ ಇರುತ್ತಿತ್ತು. ಪುಸ್ತಕಗಳನ್ನು ಅವರು ನಿವೃತ್ತಿಯ ದಿನ ಕಚೇರಿಗೆ ಒಪ್ಪಿಸಿದ್ದರು. ಒಂದು ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಕೇಳಿದೆ. ಪುಸ್ತಕ ತಂದರೆ ಕಲ್ಲು ಇಟ್ಟುಕೊಳ್ಳುತ್ತೇವೆ, ಇಲ್ಲದಿದ್ದರೆ ಬರೀ ಕಲ್ಲು ಎಂದರು. ಒಂದು ದಿನ ರಜೆ ಹಾಕಿ ಹಳೆಯ ಕಚೇರಿಯನ್ನು ಹುಡುಕಿಕೊಂಡು ಹೋದೆ. ಅದು ಬೇರೆ ಕಟ್ಟಡಕ್ಕೆ ಹೋಗಿತ್ತು. ಒಳಗೆ ಮುಖ್ಯಸ್ಥರ ಕುರ್ಚಿಯಲ್ಲಿ ಕೂತಿದ್ದವರು ಅಂದಿನ ಆ ಕಿರಿಯ ಅಧಿಕಾರಿ. ತಲೆ ಅರ್ಧ ನರೆತಿತ್ತು. ನನ್ನನ್ನು ಗುರುತಿಸಿ ಎದ್ದು ನಿಂತರು, ಚಹಾ ತರಿಸಿದರು.

ಪುಸ್ತಕಗಳ ವಿಷಯ ಕೇಳಿದೊಡನೆ ಅವರ ಮುಖ ಸಪ್ಪಗಾಯಿತು.

“ಸಾಮಾನು ಸಾಗಸೂ ಮುಂದ ಎರಡು ಕಪಾಟಿನ ಪುಸ್ತಕಾ ಹೋದ್ವು ಮೇಡಂ. ಮಳಿಗೆ ತೊಯ್ದು ಹಾಳಾದ್ವು. ಅದರಾಗ ಅವರವೂ ಇದ್ವು. ನಾನು ಖುದ್ದ ಹುಡುಕೀನ್ರಿ.”

ನಾನು ಲೋಟ ಕೆಳಗಿಟ್ಟೆ. ಅಷ್ಟು ವರ್ಷ ಕೇಳದಿದ್ದುದನ್ನು ಆಗ ಕೇಳಿದೆ.

“ನೀವು ಅವತ್ತು ಒಪ್ಕೊಂಡಿದ್ರೆ ಹೆಸರು ಉಳೀತಿತ್ತಲ್ವಾ ಸಾರ್?”

ಅವರೂ ಲೋಟ ಕೆಳಗಿಟ್ಟರು.

“ಆ ಊರು ನಮ್ಮ ಅತ್ತೀ ಊರ್ರೀ ಮೇಡಂ. ಸಾಲಿ ಸೂಟಿಗೆ ಅಲ್ಲೇ ಇರ್ತಿದ್ದೆ. ಆ ದಂಡಿ ಮ್ಯಾಲಿಂದನ ಹೊಳಿಗೆ ಜಿಗೀತಿದ್ವಿ. ನಕ್ಷಾದಾಗ ಆ ಹೆಸರು ಇರಲಿ ಅಂತ ನನಗ ಎಲ್ಲಾರಗಿಂತಾ ಜಾಸ್ತಿ ಇತ್ತು. ಆದ್ರ ನನಗ ಬೇಕು ಅಂತ ಬರಿಯಾಕ ಬರಂಗಿಲ್ಲಲ್ರೀ.”

“ಅವ್ರು ಹೇಳಿದ್ದು ಸರಿ ಇತ್ತಾ?”

“ಇರಬಹುದ್ರಿ. ಅರ್ಧಾ ಪಾಲು ಸರಿ ಇದ್ದೀತು ಅಂತ ಅನಸ್ತದ. ಈಗ ಯಾರಿಗೂ ಗೊತ್ತಾಗಂಗಿಲ್ಲ. ಆ ಜಾಗಾದ ಮ್ಯಾಲೆ ಈಗ ನಾಲ್ಕಾಳು ನೀರದ.”

ಬೋರ್ ಕೊರೆಸುವ ಅರ್ಜಿ ಏನಾಯಿತು ಎಂದು ಕೇಳಿದೆ. ತಾವೂ ಎರಡು ಸಲ ಬರೆದಿದ್ದಾಗಿ ಹೇಳಿದರು. ಆ ಕಲ್ಲಿನಲ್ಲಿ ಖನಿಜ ಏನೂ ಇಲ್ಲ, ಯಾರಿಗೂ ಬೇಕಾಗಿಲ್ಲ ಎಂದರು. ಗೇಟಿನವರೆಗೂ ಬಂದು ಬೀಳ್ಕೊಟ್ಟರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ಏನೂ ಉಳಿದಿರಲಿಲ್ಲ.

ಮಾರನೆಯ ಭಾನುವಾರ ಬನಶಂಕರಿಗೆ ಹೋಗಿ ಆಂಟಿಗೆ ತಿಳಿಸಿದೆ.

“ಹಾಗಾದ್ರೆ ಬಿಡು” ಎಂದರು. “ನೀನೊಂದು ತಗೊಂಡು ಹೋಗು, ನೆನಪಿಗೆ.”

ಹಿತ್ತಲಿಗೆ ಹೋಗಿ ಒಂದು ಚೀಲದ ಬಾಯಿ ಬಿಚ್ಚಿದೆ. ಎಲ್ಲವೂ ತಿಳಿಗೆಂಪು, ಎಲ್ಲವೂ ಅಂಗೈಗೆ ಒಂದೇ ಥರ ಒರಟು. ಯಾವುದು ಈಚೆಯದು, ಯಾವುದು ಆಚೆಯದು, ನನಗೆ ತಿಳಿಯುವಂತಿರಲಿಲ್ಲ. ಮನೆಗೆ ಒಯ್ದು ಇದೇನು ಎಂದು ಅಮ್ಮ ಕೇಳಿದರೆ ಏನು ಹೇಳಲಿ? ಚೀಲವನ್ನು ಮೊದಲಿದ್ದ ಹಾಗೇ ಕಟ್ಟಿದೆ. ಬಿಲ್ಡರನ ಆಳುಗಳು ಗುರುವಾರ ಬರುತ್ತಾರೆ, ಅವರೇ ಇಟ್ಟಿಗೆಯ ಜೊತೆ ಲಾರಿಗೆ ಹಾಕಿಕೊಂಡು ಹೋಗುತ್ತಾರೆ ಎಂದರು ಆಂಟಿ. ಒಳಗೆ ಪಾತ್ರೆಗಳನ್ನು ಕಟ್ಟುವುದು ಇನ್ನೂ ಬಾಕಿ ಇತ್ತು. ಸ್ಟೀಲು ಡಬ್ಬಿಗಳನ್ನು ಒಂದೊಂದಾಗಿ ಹಳೆಯ ಪೇಪರಿನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗಳಿಗೆ ತುಂಬುತ್ತ ಸಂಜೆಯವರೆಗೂ ಅವರ ಜೊತೆ ಕೂತಿದ್ದೆ.